ನೀರು ನುಗ್ಗಿದ ಮನೆಯ ಪುನಶ್ಚೇತನ: ಕರಾವಳಿಯ ಹವೆಗೆ ತಕ್ಕ ಕ್ರಮ

ಮನೆಯೊಳಗೆ ಸೇರಿದ ನೀರನ್ನು ಹೊರಹಾಕಿ, ಗೋಡೆ, ನೆಲ, ಮರಮುಟ್ಟುಗಳನ್ನು ಮೊದಲಿನ ಶುಷ್ಕ ಸ್ಥಿತಿಗೆ ತಂದು, ಕೆಟ್ಟ ಭಾಗಗಳನ್ನು ಸರಿಪಡಿಸುವ ವ್ಯವಸ್ಥಿತ ಕಾರ್ಯಕ್ಕೆ ಜಲಹಾನಿ ಪುನಶ್ಚೇತನ ಎಂದು ಹೆಸರು. ವಾಟರ್ ಡ್ಯಾಮೇಜ್ ರೆಸ್ಟೊರೇಶನ್ ಎಂಬ ಹೆಸರಿನಲ್ಲಿ ಇದು ಅಮೆರಿಕ ಮತ್ತು ಯುರೋಪಿನಲ್ಲಿ ಪ್ರತ್ಯೇಕ ವೃತ್ತಿಯಾಗಿ ಬೆಳೆದಿದೆ. ಆದರೆ ಅಲ್ಲಿಯ ವಿಧಾನಗಳನ್ನು ಉಷ್ಣವಲಯದ ಕರಾವಳಿಗೆ ಇದ್ದಂತೆಯೇ ತರಲು ಬರುವುದಿಲ್ಲ. ಮಂಗಳೂರು ಮಹಾನಗರದ ಉತ್ತರದಲ್ಲಿ, ಕಡಲಂಚಿನಲ್ಲಿರುವ ಸುರತ್ಕಲ್‌ನಂಥ ಊರಿನಲ್ಲಿ ಮಳೆಗಾಲದ ನಾಲ್ಕು ತಿಂಗಳೂ ಹೊರಗಿನ ಗಾಳಿಯೇ ಒದ್ದೆಯಾಗಿರುತ್ತದೆ. ಇಲ್ಲಿ ನಿಂತ ನೀರನ್ನು ತೆಗೆಯುವುದು ಕೆಲಸದ ಚಿಕ್ಕ ಭಾಗ. ಗೋಡೆಯೊಳಗೆ ಇಳಿದ ತೇವವನ್ನು ಹೊರತರುವುದೇ ದೊಡ್ಡ ಭಾಗ.

ನೀರಿನ ಮೂಲ ಮತ್ತು ವರ್ಗ

ಮನೆಗೆ ನೀರು ಬರುವ ದಾರಿಗಳು ಹಲವು: ಸೋರುವ ಮಾಡು, ಬಿರುಕು ಬಿಟ್ಟ ತಾರಸಿ, ಒಡೆದ ಪೈಪು, ಉಕ್ಕಿ ಹರಿಯುವ ಟ್ಯಾಂಕು, ಅಡಿಪಾಯದಿಂದ ಮೇಲೇರುವ ಒಸರು, ತುಂಬಿ ಹರಿದ ತೋಡು ಹಾಗೂ ಕಡಲ ಅಲೆ. 2018ರ ಮೇ 29ರ ಭಾರಿ ಮಳೆಗೆ ಮಂಗಳೂರಿನ ಕೊಟ್ಟಾರ ಚೌಕಿ ಮೊದಲಾದ ತಗ್ಗು ಪ್ರದೇಶಗಳ ಮನೆಗಳಿಗೆ ನೀರು ನುಗ್ಗಿತ್ತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ವೇಳೆ ಇದೇ ಕರಾವಳಿಯ ಕಡಲಂಚಿನ ಮನೆಗಳಿಗೆ ಅಲೆಗಳು ಅಪ್ಪಳಿಸಿದವು. ಇಂಥ ಘಟನೆಗಳು ಸುದ್ದಿಯಾಗುತ್ತವೆ. ವರ್ಷವರ್ಷವೂ ಸದ್ದಿಲ್ಲದೆ ನಡೆಯುವ ಸೋರಿಕೆ ಸುದ್ದಿಯಾಗುವುದಿಲ್ಲ. ಕಟ್ಟಡಕ್ಕೆ ಎರಡರಿಂದಲೂ ಹಾನಿ ತಪ್ಪದು.

ಅಮೆರಿಕದ ಐಐಸಿಆರ್‌ಸಿ ಸಂಸ್ಥೆಯ ಎಸ್500 ಎಂಬ ಮಾನದಂಡ ನೀರನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತದೆ. ನಲ್ಲಿ ಅಥವಾ ಟ್ಯಾಂಕಿನ ಶುದ್ಧ ನೀರು ಮೊದಲನೆಯ ವರ್ಗ. ಬಟ್ಟೆ ಒಗೆಯುವ ಯಂತ್ರದಿಂದ ಬಂದಂಥ ಬಳಸಿದ ನೀರು ಎರಡನೆಯದು. ಶೌಚಗುಂಡಿಯ ನೀರು, ಚರಂಡಿಯ ನೀರು ಮತ್ತು ನೆರೆನೀರು ಮೂರನೆಯದು. ಈ ವರ್ಗ ಸ್ಥಿರವಲ್ಲ. ಶುದ್ಧ ನೀರೂ ಬೆಚ್ಚನೆಯ ಹವೆಯಲ್ಲಿ ಕೆಲವು ದಿನ ನಿಂತರೆ ಕೊಳೆತು ಕೆಳಗಿನ ವರ್ಗಕ್ಕೆ ಇಳಿಯುತ್ತದೆ. ಯಾವ ವಸ್ತುವನ್ನು ಒಣಗಿಸಿ ಉಳಿಸಿಕೊಳ್ಳಬಹುದು, ಯಾವುದನ್ನು ಎಸೆಯಬೇಕು ಎಂಬುದನ್ನು ಈ ವರ್ಗವೇ ನಿರ್ಧರಿಸುತ್ತದೆ. ನಲ್ಲಿನೀರಿನಲ್ಲಿ ನೆನೆದ ಹತ್ತಿಯ ಹಾಸಿಗೆಯನ್ನು ತಕ್ಷಣ ಒಣಗಿಸಿದರೆ ಉಳಿಯಬಹುದು. ನೆರೆನೀರಿನಲ್ಲಿ ನೆನೆದದ್ದನ್ನು ಉಳಿಸಿಕೊಳ್ಳಬಾರದು.

ಸುರತ್ಕಲ್‌ನ ಹವೆ ಮತ್ತು ಮನೆಗಳು

ಮಂಗಳೂರು ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನದು. 100 ಚದರ ಮೀಟರ್ ವಿಸ್ತೀರ್ಣದ ಮಾಡಿನ ಮೇಲೆ ವರ್ಷದಲ್ಲಿ ಬೀಳುವ ನೀರು ಈ ಲೆಕ್ಕದಲ್ಲಿ 3.5 ಲಕ್ಷ ಲೀಟರ್. ಮುಂಗಾರಿನ ಗಾಳಿ ಕಡಲ ಕಡೆಯಿಂದ ಬೀಸುವುದರಿಂದ ಪಡುವಣ ಮತ್ತು ತೆಂಕಣ ಗೋಡೆಗಳಿಗೆ ಇರಿಚಲು ಹೆಚ್ಚು.

ಈ ಭಾಗದ ಹಳೆಯ ಮನೆಗಳ ಗೋಡೆ ಮುರಕಲ್ಲಿನದು, ಅಂದರೆ ಕೆಂಪುಕಲ್ಲಿನದು. ಮಾಡಿಗೆ ಮರದ ಪಕ್ಕಾಸು, ರೀಪು ಮತ್ತು ಮಂಗಳೂರು ಹೆಂಚು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಈ ಹೆಂಚು ಪ್ರಸಿದ್ಧಿಗೆ ಬಂತು. ಕಡಿದಾದ ಇಳಿಜಾರು, ಮುಂದಕ್ಕೆ ಚಾಚಿದ ಮಾಡಿನ ಅಂಚು, ಉಸಿರಾಡುವ ಸುಣ್ಣದ ಗಾರೆ, ಮಳೆಗಾಲಕ್ಕೆ ಮುನ್ನ ಕಟ್ಟುತ್ತಿದ್ದ ತೆಂಗಿನ ಮಡಲಿನ ತಟ್ಟಿ: ಇವೆಲ್ಲ ಗೋಡೆಗೆ ನೀರು ತಾಗದಂತೆ, ತಾಗಿದ ನೀರು ಆರಿಹೋಗುವಂತೆ ಮಾಡಿದ ಏರ್ಪಾಡುಗಳು. ಹೊಸ ಮನೆಗಳಲ್ಲಿ ಸಮತಟ್ಟಾದ ಕಾಂಕ್ರೀಟ್ ತಾರಸಿ, ಸಿಮೆಂಟ್ ಗಿಲಾವು ಮತ್ತು ಪ್ಲಾಸ್ಟಿಕ್ ಅಂಶವುಳ್ಳ ಬಣ್ಣ ಬಂದಿವೆ. ಇವು ನೀರು ಒಳಬರುವುದನ್ನು ತಡೆಯುತ್ತವೆ. ಬಿರುಕಿನ ಮೂಲಕ ಒಮ್ಮೆ ಒಳಬಂದ ನೀರು ಹೊರಹೋಗುವುದನ್ನೂ ತಡೆಯುತ್ತವೆ. ತಾರಸಿಯ ಮೇಲೆ ಮತ್ತೆ ಶೀಟಿನ ಮಾಡು ಹಾಕಿಸುವ ರೂಢಿ ಕರಾವಳಿಯಲ್ಲಿ ವ್ಯಾಪಕವಾಗಿರುವುದಕ್ಕೆ ಇದೇ ಕಾರಣ.

ಗೋಡೆ ಎಷ್ಟು ನೀರು ಹಿಡಿಯುತ್ತದೆ

ಮುರಕಲ್ಲು ರಂಧ್ರಮಯ ಶಿಲೆ. ಕಟ್ಟಡಕ್ಕೆ ಬಳಸುವ ಮುರಕಲ್ಲಿನ ಜಲಹೀರಿಕೆ ತೂಕದ ಶೇ. 12ನ್ನು ಮೀರಬಾರದೆಂದು ಭಾರತೀಯ ಮಾನದಂಡ ಹೇಳುತ್ತದೆ. ಆ ಮಿತಿಯಲ್ಲಿರುವ 25 ಕಿಲೋ ತೂಕದ ಒಂದು ಕಲ್ಲು ಪೂರ್ತಿ ನೆನೆದರೆ 3 ಲೀಟರ್ ನೀರನ್ನು ಹಿಡಿದಿಡಬಲ್ಲದು.

ಈ ನೀರು ಹೊರಹೋಗಬೇಕಾದದ್ದು ಆವಿಯಾಗಿ, ಕೋಣೆಯ ಗಾಳಿಯ ಮೂಲಕ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಧರಿಸುತ್ತದೆ. ಸಾಪೇಕ್ಷ ಆರ್ದ್ರತೆ ಶೇ. 90 ಇರುವ ದಿನ ಅದರಲ್ಲಿ 27 ಗ್ರಾಂ ಮೊದಲೇ ತುಂಬಿರುತ್ತದೆ. ಉಳಿದ ಅವಕಾಶ 3 ಗ್ರಾಂ ಮಾತ್ರ. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ 48 ಘನಮೀಟರ್ ಗಾಳಿ ಇರುತ್ತದೆ. ಆ ಇಡೀ ಗಾಳಿ ಇನ್ನು ಹೀರಬಲ್ಲ ನೀರು 144 ಗ್ರಾಂ, ಅಂದರೆ ಒಂದು ಲೋಟಕ್ಕಿಂತ ಕಡಿಮೆ. ಒಂದೇ ಒಂದು ಕಲ್ಲು ಒಣಗಬೇಕಾದರೂ ಕೋಣೆಯ ಗಾಳಿ ಇಪ್ಪತ್ತಕ್ಕೂ ಹೆಚ್ಚು ಸಲ ಬದಲಾಗಬೇಕು. ಗೋಡೆಯಲ್ಲಿರುವುದು ನೂರಾರು ಕಲ್ಲುಗಳು. ಮಳೆಗಾಲದಲ್ಲಿ ಕಿಟಕಿ ತೆರೆದಿಟ್ಟರೂ ಗೋಡೆ ಆರದಿರುವುದರ ಹಿಂದಿನ ಲೆಕ್ಕ ಇದು.

ಕಡಲ ತೀರದಲ್ಲಿ ಇನ್ನೊಂದು ತೊಡಕಿದೆ, ಅದು ಉಪ್ಪು. ಅಡುಗೆ ಉಪ್ಪು ಸುಮಾರು ಶೇ. 75ಕ್ಕಿಂತ ಹೆಚ್ಚು ಆರ್ದ್ರತೆಯಲ್ಲಿ ಗಾಳಿಯ ತೇವವನ್ನೇ ಹೀರಿ ಕರಗುತ್ತದೆ. ಕಡಲ ನೀರು ತಾಗಿದ ಅಥವಾ ಉಪ್ಪುಮರಳಿನಿಂದ ಕಟ್ಟಿದ ಗೋಡೆ ಎಲ್ಲಿಯೂ ಸೋರಿಕೆ ಇಲ್ಲದಿದ್ದರೂ ಮಳೆಗಾಲದಲ್ಲಿ ಒದ್ದೆಯಾಗುತ್ತದೆ. ಬೇಸಿಗೆಯಲ್ಲಿ ಅದೇ ಉಪ್ಪು ಹರಳುಗಟ್ಟಿ, ಹಿಗ್ಗಿ, ಗಿಲಾವನ್ನು ಹುಡಿಹುಡಿಯಾಗಿ ಉದುರಿಸುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿಗೂ ಉಪ್ಪಿನಲ್ಲಿರುವ ಕ್ಲೋರೈಡ್ ಶತ್ರು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸ್ಲ್ಯಾಬಿನ ಅಡಿಭಾಗ ಸೀಳಿ ಬೀಳುತ್ತದೆ.

ಮೊದಲ ಎರಡು ದಿನಗಳ ಕೆಲಸ

ಒದ್ದೆಯಾದ ಕಾಗದ, ಬಟ್ಟೆ, ಪ್ಲೈವುಡ್‌ಗಳ ಮೇಲೆ ಬೂಷ್ಟು 24ರಿಂದ 48 ಗಂಟೆಗಳಲ್ಲಿ ಮೊಳೆಯಬಲ್ಲದು. ಹೀಗಾಗಿ ಮೊದಲ ಎರಡು ದಿನಗಳ ಕೆಲಸಕ್ಕೆ ಒಂದು ನಿಶ್ಚಿತ ಅನುಕ್ರಮವಿದೆ.

ಮೊದಲನೆಯದು ವಿದ್ಯುತ್ ಸುರಕ್ಷತೆ. ಮೇನ್ ಸ್ವಿಚ್ ಆರಿಸಬೇಕು. ನೀರಿನಲ್ಲಿ ನಿಂತು ಅದನ್ನು ಮುಟ್ಟಬೇಕಾದ ಸ್ಥಿತಿ ಇದ್ದರೆ ವಿದ್ಯುತ್ ಸರಬರಾಜು ಕಂಪನಿ ಮೆಸ್ಕಾಂನ ಸಿಬ್ಬಂದಿಯನ್ನು ಕರೆಯಬೇಕು. ಎರಡನೆಯದು ನೀರಿನ ಮೂಲವನ್ನು ನಿಲ್ಲಿಸುವುದು. ಮೂರನೆಯದು ದಾಖಲೆ: ಗೋಡೆಯ ಮೇಲಿನ ನೀರಿನ ಗೆರೆ, ಕೆಟ್ಟ ಸಾಮಾನು, ಬಿರುಕುಗಳ ಛಾಯಾಚಿತ್ರ ತೆಗೆಯುವುದು. ನಾಲ್ಕನೆಯದು ಪಂಪು ಮತ್ತು ನೀರೆಳೆಯುವ ವ್ಯಾಕ್ಯೂಮ್ ಯಂತ್ರಗಳಿಂದ ನಿಂತ ನೀರನ್ನು ತೆಗೆಯುವುದು. ದ್ರವರೂಪದಲ್ಲಿ ತೆಗೆದ ನೀರನ್ನು ಆವಿಯಾಗಿಸುವ ಖರ್ಚಿಲ್ಲದ ಕಾರಣ ಈ ಹಂತದಲ್ಲಿ ಎಷ್ಟು ತೆಗೆದರೂ ಲಾಭವೇ. ನೆಲಮಾಳಿಗೆ ಮಾತ್ರ ಇದಕ್ಕೆ ಅಪವಾದ. ಹೊರಗಿನ ಮಣ್ಣು ನೀರು ಕುಡಿದು ಒತ್ತುತ್ತಿರುವಾಗ ಒಳಗಿನ ನೀರನ್ನು ಒಮ್ಮೆಲೇ ಖಾಲಿ ಮಾಡಿದರೆ ಗೋಡೆ ಕುಸಿಯುವ ಅಪಾಯವಿದೆ; ಅಲ್ಲಿ ಹಂತಹಂತವಾಗಿ ತೆಗೆಯಬೇಕು.

ನೆರೆನೀರಾದರೆ ಕೆಸರನ್ನು ಹಸಿಯಿರುವಾಗಲೇ ತೊಳೆದು, ಸೋಂಕುನಿವಾರಕ ಬಳಸಬೇಕು. ದಕ್ಷಿಣ ಕನ್ನಡದಲ್ಲಿ ಮಳೆಗಾಲದ ಇಲಿಜ್ವರ ಅಪರೂಪವಲ್ಲ. ಆದ್ದರಿಂದ ಗಂಬೂಟು ಮತ್ತು ಕೈಗವಸು ಕಡ್ಡಾಯ. ಬಾವಿಗೆ ನೆರೆನೀರು ಸೇರಿದ್ದರೆ ಕ್ಲೋರಿನೀಕರಣವಾಗಿ, ನೀರಿನ ಪರೀಕ್ಷೆ ಮುಗಿಯುವ ತನಕ ಅದನ್ನು ಕುಡಿಯಬಾರದು.

ಒಣಗಿಸುವ ವಿಧಾನ

ಒಣಗಿಸುವಿಕೆಗೆ ಎರಡು ಯಂತ್ರಗಳು ಜೊತೆಯಾಗಿ ಬೇಕು. ಏರ್ ಮೂವರ್ ಎಂಬ ಬೀಸುಯಂತ್ರ ಗೋಡೆಯ ಮೈಗೆ ಅಂಟಿಕೊಂಡ ತೇವಭರಿತ ಗಾಳಿಯ ಪದರವನ್ನು ಸರಿಸುತ್ತದೆ. ಡಿಹ್ಯುಮಿಡಿಫೈಯರ್ ಎಂಬ ಆರ್ದ್ರತಾಹಾರಕ ಯಂತ್ರ ಆ ಗಾಳಿಯಿಂದ ನೀರನ್ನು ಬೇರ್ಪಡಿಸುತ್ತದೆ. ಇದರೊಳಗಿನ ತಣ್ಣನೆಯ ಸುರುಳಿಗೆ ಗಾಳಿ ತಾಗಿದಾಗ ಆವಿ ಹನಿಗಟ್ಟಿ ಪಾತ್ರೆಗೆ ಬೀಳುತ್ತದೆ. ಬಳಿಕ ಗಾಳಿ ಬಿಸಿ ಸುರುಳಿಯ ಮೂಲಕ ಹಾದು ಬೆಚ್ಚಗೆ ಕೋಣೆಗೆ ಮರಳುತ್ತದೆ. ಬೀಸುಯಂತ್ರವನ್ನು ಮಾತ್ರ ಓಡಿಸಿದರೆ ತೇವ ಗೋಡೆಯಿಂದ ಕಪಾಟಿಗೆ, ಕಪಾಟಿನಿಂದ ಹಾಸಿಗೆಗೆ ಜಾಗ ಬದಲಿಸುತ್ತದೆಯೇ ಹೊರತು ಮನೆ ಬಿಟ್ಟು ಹೋಗುವುದಿಲ್ಲ.

ಶೀತ ದೇಶದ ಕೆಲಸಗಾರ ಹಲವು ಸಲ ಕಿಟಕಿ ತೆರೆದು ಹೊರಗಿನ ಒಣಗಾಳಿಯನ್ನು ಬಳಸಿಕೊಳ್ಳಬಲ್ಲ. ಸುರತ್ಕಲ್‌ನಲ್ಲಿ ಜುಲೈ ತಿಂಗಳಲ್ಲಿ ಕ್ರಮ ತಿರುಗುಮುರುಗಾಗುತ್ತದೆ. ಕಿಟಕಿ, ಬಾಗಿಲು, ಹೆಂಚಿನ ಸಂದುಗಳನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ, ಒದ್ದೆಯಾದ ಕೋಣೆಯನ್ನು ಪ್ರತ್ಯೇಕಿಸಿದ ನಂತರವೇ ಯಂತ್ರ ಚಾಲೂ ಮಾಡಬೇಕು. ಕೋಣೆಯ ಆರ್ದ್ರತೆ ಶೇ. 90ರಿಂದ ಶೇ. 50ಕ್ಕೆ ಇಳಿದರೆ ಗಾಳಿಯ ಹೀರುವ ಶಕ್ತಿ ಐದು ಪಟ್ಟಾಗುತ್ತದೆ. ಈ ಯಂತ್ರಗಳ ದಿನದ ಸಾಮರ್ಥ್ಯವನ್ನು ಸಾಮಾನ್ಯವಾಗಿ 30 ಡಿಗ್ರಿ ಉಷ್ಣತೆ, ಶೇ. 80 ಆರ್ದ್ರತೆಯಲ್ಲಿ ಅಳೆದು ನಮೂದಿಸುತ್ತಾರೆ. ಕರಾವಳಿಯ ಮಳೆಗಾಲ ಈ ಸ್ಥಿತಿಗೆ ಸಮೀಪವಾದ್ದರಿಂದ ಅವು ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಅಕ್ಟೋಬರ್ ಕಳೆದು ಬಿಸಿಲು ಬಲಿತ ಮೇಲೆ, ಮಧ್ಯಾಹ್ನದ ಹೊತ್ತು ಕಿಟಕಿ ತೆರೆದು ಒಣಗಿಸುವ ಹಳೆಯ ಕ್ರಮವೇ ಅಗ್ಗ ಮತ್ತು ಸಾಕು.

ಬೂಷ್ಟಿನ ನಿವಾರಣೆ

ಬೂಷ್ಟು ಒಂದು ಶಿಲೀಂಧ್ರ. ಒದ್ದೆ ಮನೆಯ ಬೂಷ್ಟಿಗೂ ಉಬ್ಬಸ, ಶ್ವಾಸದ ತೊಂದರೆಗಳಿಗೂ ಇರುವ ಸಂಬಂಧವನ್ನು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ವಿವರಿಸಿದೆ. ಒಣ ಬಟ್ಟೆಯಿಂದ ಒರೆಸಿದರೆ ಬೀಜಾಣುಗಳು ಕೋಣೆಯಿಡೀ ಹರಡುತ್ತವೆ. ವೃತ್ತಿಪರರು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುವ ಹೆಪಾ ಶೋಧಕವುಳ್ಳ ವ್ಯಾಕ್ಯೂಮ್ ಬಳಸುತ್ತಾರೆ. ಬಳಿಕ ಮಾರ್ಜಕದಿಂದ ತೊಳೆದು ಒಣಗಿಸುತ್ತಾರೆ. ಆಳಕ್ಕೆ ಬೂಷ್ಟು ಹಿಡಿದ ಪ್ಲೈವುಡ್, ಜಿಪ್ಸಂ ಹಲಗೆ, ಹತ್ತಿಯ ಹಾಸಿಗೆಗಳನ್ನು ಚೀಲದಲ್ಲಿ ಕಟ್ಟಿ ಹೊರಹಾಕುತ್ತಾರೆ. ಬ್ಲೀಚಿಂಗ್ ಪೌಡರನ್ನು ಶೌಚಾಲಯ ತೊಳೆಯುವ ಆಸಿಡ್ ಜೊತೆ ಎಂದಿಗೂ ಬೆರೆಸಬಾರದು. ಅದರಿಂದ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಒಣಗಿದೆ ಎಂದು ತಿಳಿಯುವ ಬಗೆ

ಗೋಡೆಯ ಮೈ ಒಣಗಿದ ಎಷ್ಟೋ ದಿನಗಳ ಬಳಿಕವೂ ಒಳಗೆ ತೇವ ಉಳಿದಿರುತ್ತದೆ. ಯಂತ್ರದ ನೆರವಿಲ್ಲದೆ ಗೋಡೆ ಆರಲು 25 ಮಿ.ಮೀ. ದಪ್ಪಕ್ಕೆ ಒಂದು ತಿಂಗಳು ಬೇಕೆಂಬುದು ಬ್ರಿಟನ್ನಿನ ಕಟ್ಟಡ ತಜ್ಞರ ರೂಢಿಯ ಲೆಕ್ಕ. ಆದ್ದರಿಂದ ಕೈಯಿಂದ ಮುಟ್ಟಿ ನೋಡುವುದು ಪರೀಕ್ಷೆಯಾಗದು. ಎರಡು ಮೊನೆಗಳ ನಡುವಿನ ವಿದ್ಯುತ್ ರೋಧವನ್ನು ಅಳೆಯುವ ಮಾಯಿಶ್ಚರ್ ಮೀಟರ್ ಮರಕ್ಕೆ ಸೂಕ್ತ ಉಪಕರಣ. ಗೋಡೆಯಲ್ಲಿ ಉಪ್ಪಿದ್ದರೆ ಈ ಮೀಟರ್ ಇರುವುದಕ್ಕಿಂತ ಹೆಚ್ಚು ತೇವವನ್ನು ತೋರಿಸುತ್ತದೆ. ಈ ದೋಷ ತಪ್ಪಿಸಲು ಅದೇ ಮನೆಯ, ನೀರು ತಾಗದ, ಅಂಥದೇ ಗೋಡೆಯ ಅಳತೆಯನ್ನು ಗುರಿಯಾಗಿಟ್ಟುಕೊಂಡು ಹೋಲಿಸುತ್ತಾರೆ.

ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಪರೀಕ್ಷೆಯೊಂದಿದೆ. ಸುಮಾರು 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚನ್ನು ಟೇಪಿನಿಂದ ಭದ್ರವಾಗಿ ಅಂಟಿಸಿ, ಒಂದು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಕಂಡರೆ ಅದು ಗಾಳಿಯ ಆವಿ.

ದುರಸ್ತಿ ಮತ್ತು ಬಳಕೆಯ ಕ್ಷೇತ್ರ

ಉಪ್ಪು ಹಿಡಿದ ಗಿಲಾವನ್ನು ತೇವದ ಗೆರೆಗಿಂತ ಸುಮಾರು ಅರ್ಧ ಮೀಟರ್ ಮೇಲಿನವರೆಗೆ ಕೆತ್ತಿ ತೆಗೆದು, ಗೋಡೆ ಒಣಗಿದ ನಂತರ ಹೊಸದಾಗಿ ಸಾರಿಸಬೇಕು. ಹಳೆಯ ಮುರಕಲ್ಲಿನ ಗೋಡೆಗೆ ಸುಣ್ಣದ ಗಾರೆ ಮತ್ತು ಸುಣ್ಣದ ಬಣ್ಣವೇ ಒಗ್ಗುತ್ತವೆ. ಹೆಂಚಿನ ಮನೆಗಳಲ್ಲಿ ಪಕ್ಕಾಸುಗಳ ತುದಿ ಮತ್ತು ಗೋಡೆಗೆ ಕೂರುವ ಜಾಗವನ್ನು ಮೊದಲು ಪರೀಕ್ಷಿಸಬೇಕು. ಅಲ್ಲಿಯೇ ಒರಲೆ ಮತ್ತು ಕೊಳೆತ ಆರಂಭವಾಗುತ್ತವೆ. ಫ್ಲ್ಯಾಟುಗಳಲ್ಲಿ ಮೇಲಿನ ಮನೆಯ ಬಚ್ಚಲಿನ ನೆಲ ಮತ್ತು ಪೈಪಿನ ಸಂದುಗಳು ಸೋರಿಕೆಯ ಸಾಮಾನ್ಯ ಮೂಲ. ನೆನೆದ ಪುಸ್ತಕ, ದಸ್ತಾವೇಜುಗಳನ್ನು ಕೂಡಲೇ ಒಣಗಿಸಲಾಗದಿದ್ದರೆ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಕಾಲಾವಕಾಶ ಪಡೆಯಬಹುದು. ಗ್ರಂಥಾಲಯಗಳು ಇದೇ ಕ್ರಮವನ್ನು ಅನುಸರಿಸುತ್ತವೆ.

ವಿಮೆ ಮತ್ತು ಗುತ್ತಿಗೆ

2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಎಂಬ ಪ್ರಮಾಣಿತ ವಿಮಾ ಪಾಲಿಸಿ ಚಂಡಮಾರುತ ಹಾಗೂ ನೆರೆಯ ಜೊತೆಗೆ ಟ್ಯಾಂಕು, ಪೈಪುಗಳು ಒಡೆದು ಅಥವಾ ಉಕ್ಕಿ ಆಗುವ ಹಾನಿಗೂ ಪರಿಹಾರ ಒದಗಿಸುತ್ತದೆ. ವರ್ಷಗಳ ಕಾಲ ನಿಧಾನವಾಗಿ ಇಳಿದ ಸೋರಿಕೆಯನ್ನು ವಿಮೆಗಳು ಸಾಮಾನ್ಯವಾಗಿ ನಿರ್ವಹಣೆಯ ಲೋಪವೆಂದೇ ಪರಿಗಣಿಸುತ್ತವೆ.

ನಮ್ಮ ಊರುಗಳಲ್ಲಿ ಈ ಕೆಲಸ ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಪೇಂಟರ್ ಎಂದು ಹಲವರ ಕೈಯಲ್ಲಿ ಹಂಚಿಹೋಗಿದೆ; ನಡುವಿನ ಒಣಗಿಸುವ ಹಂತ ಯಾರ ಪಾಲಿಗೂ ಬರುವುದಿಲ್ಲ. ಮನೆಯ ಯಜಮಾನರು ಗುತ್ತಿಗೆ ಕೊಡುವಾಗಲೇ ಆ ಹಂತವನ್ನು ಒಪ್ಪಂದದಲ್ಲಿ ಸೇರಿಸಬೇಕು. ಗೋಡೆಯ ತೇವದ ಅಳತೆಯನ್ನು ದಿನಾಂಕ ಸಹಿತ ಬರೆದು ಕೊಡದೆ ಬಣ್ಣದ ಡಬ್ಬಿ ತೆರೆಯಲು ಬಿಡಬಾರದು. ಒದ್ದೆ ಗೋಡೆಗೆ ಬಳಿದ ಬಣ್ಣ ಎಷ್ಟೇ ಬೆಲೆಬಾಳುವುದಾದರೂ ಮುಂದಿನ ಮಳೆಗಾಲ ದಾಟುವುದಿಲ್ಲ.