ಮುಳಬಾಗಿಲಿನ ಕಾಳಗವೂ ಕೋಲಾರದ ಚಿನ್ನವೂ

ಕೋಲಾರದ ಸೀಮೆಯಲ್ಲಿ ಚರಿತ್ರೆಯ ಮಾತು ಬಂದಾಗಲೆಲ್ಲ ಮೂರು ಪ್ರಶ್ನೆಗಳು ತಪ್ಪದೆ ಏಳುವುವು. ಸಾವಿರಾರು ಹರದಾರಿಗಳಾಚೆಯ ದ್ವೀಪವಾಸಿಗಳು ಈ ಬಂಡೆಗಲ್ಲಿನ ನಾಡಿಗೆ ಯುದ್ಧಕ್ಕೆ ಬಂದುದೇಕೆ? ವ್ಯಾಪಾರಕ್ಕೆಂದು ಹುಟ್ಟಿದ ಕುಂಪಣಿಗೆ ದಂಡು ಕಟ್ಟಿ ಕೋಟೆ ಹಿಡಿಯುವ ಅಧಿಕಾರ ಎಲ್ಲಿಂದ ಬಂದಿತು? ಅವರು ಬಂದುದು ಇಲ್ಲಿಯ ಚಿನ್ನಕ್ಕಾಗಿಯೇ ಅಲ್ಲವೆ? ಮೂರನೆಯದಕ್ಕೆ ಹೌದೆಂಬ ಉತ್ತರವು ಜನರ ಬಾಯಲ್ಲಿ ಸಿದ್ಧವಾಗಿಯೇ ಇರುತ್ತದೆ. ಆದರೆ ವರ್ಷಗಳನ್ನು ಒಂದರ ಮುಂದೊಂದಿಟ್ಟು ನೋಡಿದರೆ ಆ ಉತ್ತರವು ನಿಲ್ಲಲಾರದು. ಅದು ಬಿದ್ದ ಮೇಲೆಯೇ ಮೊದಲಿನೆರಡು ಪ್ರಶ್ನೆಗಳಿಗೆ ನಿಜವಾದ ಉತ್ತರವು ಹೊಳೆಯತಕ್ಕದ್ದು.

ಮೊದಲು ನೆಲದ ಸ್ವಭಾವವನ್ನು ತಿಳಿಯಬೇಕು. ಗಂಗರಸರು ತಮ್ಮನ್ನು ಕುವಲಾಲಪುರದ ಒಡೆಯರೆಂದು ಶಾಸನಗಳಲ್ಲಿ ಹೇಳಿಕೊಂಡರು. ಆ ಕುವಲಾಲವೇ ಇಂದಿನ ಕೋಲಾರ. ಮೂಡಣ ಬಾಗಿಲೆಂಬುದೇ ಮುಳಬಾಗಿಲಾಯಿತೆಂದು ಹೇಳುವರು. ಆ ಹೆಸರಿನಲ್ಲಿಯೇ ಊರಿನ ಚರಿತ್ರೆಯು ಅಡಗಿದೆ. ಮೇಲುಸೀಮೆಯಿಂದ ತಮಿಳುನಾಡಿನ ಬಯಲಿಗೆ ಇಳಿಯುವ ದಾರಿ ಇಲ್ಲಿಯದು. ಹದಿನಾಲ್ಕನೆಯ ಶತಮಾನದಲ್ಲಿ ಮುಳಬಾಗಿಲಿನ ರಾಜ್ಯವನ್ನಾಳುತ್ತಿದ್ದ ವಿಜಯನಗರದ ರಾಜಕುಮಾರ ಕಂಪಣನು ದಂಡೆತ್ತಿ ಮಧುರೆಯವರೆಗೆ ಹೋಗಿ ಗೆದ್ದನು. ಅವನ ರಾಣಿ ಗಂಗಾದೇವಿಯು ಆ ವಿಜಯವನ್ನೇ ಸಂಸ್ಕೃತ ಕಾವ್ಯವಾಗಿ ರಚಿಸಿದಳು. ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಗುವುದೆಂದು ದೇಹಲೀದೀಪನ್ಯಾಯವು ಹೇಳುತ್ತದೆ. ಆದರೆ ಹೊಸ್ತಿಲಿಗೆ ಇನ್ನೊಂದು ಪಾಡೂ ಉಂಟು: ಒಳಗಿನಿಂದ ಹೊರಡುವವರೂ ಹೊರಗಿನಿಂದ ನುಗ್ಗುವವರೂ ಅದನ್ನೇ ತುಳಿದು ಹೋಗಬೇಕು.

1498ರಲ್ಲಿ ವಾಸ್ಕೋ ಡ ಗಾಮನು ಆಫ್ರಿಕಾ ಖಂಡವನ್ನು ಬಳಸಿ ಕಲ್ಲಿಕೋಟೆಯ ತೀರಕ್ಕೆ ಬಂದನು. ಅವನ ಹಿಂದೆ ಡಚ್ಚರು, ಇಂಗ್ಲಿಷರು, ಫ್ರೆಂಚರು ಒಬ್ಬರಾದ ಮೇಲೊಬ್ಬರು ಬಂದರು. ಅವರನ್ನು ಸೆಳೆದದ್ದು ಮೆಣಸು, ಸಂಬಾರ ಮತ್ತು ಹತ್ತಿಯ ಬಟ್ಟೆ. 1600ರ ಕೊನೆಯ ದಿನ ಲಂಡನ್ನಿನ ವರ್ತಕರು ರಾಣಿಯಿಂದ ಸನ್ನದನ್ನು ಪಡೆದು ಈಸ್ಟ್ ಇಂಡಿಯಾ ಕುಂಪಣಿಯನ್ನು ಸ್ಥಾಪಿಸಿದರು. 1639ರಲ್ಲಿ ಆ ಕುಂಪಣಿಗೆ ಮದರಾಸಿನ ಮರಳುದಂಡೆಯು ದತ್ತಿಯಾಗಿ ದೊರೆಯಿತು. ಸುಮಾರು ಅದೇ ಕಾಲದಲ್ಲಿ ಬಿಜಾಪುರದ ಸೇನೆಯು ಈ ಭಾಗವನ್ನು ಗೆದ್ದಿತು. ಬೆಂಗಳೂರು ಕೋಲಾರಗಳು ಶಹಾಜಿ ಭೋಸಲೆಯ ಜಹಗೀರಿಗೆ ಸೇರಿದುವು. ಮದರಾಸಿನ ವರ್ತಕನಿಗೆ ಕೋಲಾರವು ಬೇಕಿರಲಿಲ್ಲ; ಕೋಲಾರದ ರೈತನಿಗೆ ಆ ವರ್ತಕನ ಹೆಸರೂ ತಿಳಿದಿರಲಿಲ್ಲ. ಬಿಜಾಪುರದ ಪತನಾನಂತರ ಈ ಸೀಮೆಯು ಮೊಗಲರ ಸಿರಾ ಸುಬೆಗೆ ಸೇರಿತು. ಆ ಸುಬೆಯ ಅಧಿಕಾರಿ ಫತೇ ಮಹಮ್ಮದನ ಮಗನಾಗಿ ಬೂದಿಕೋಟೆಯಲ್ಲಿ ಹುಟ್ಟಿದವನೇ ಹೈದರಾಲಿ. ತಂದೆಯ ಗೋರಿಯು ಕೋಲಾರದಲ್ಲಿ ಇಂದಿಗೂ ಇದೆ. ಮಗನು 1761ರಲ್ಲಿ ಮೈಸೂರಿನ ಆಡಳಿತವನ್ನೆಲ್ಲ ಕೈವಶಮಾಡಿಕೊಂಡನು.

ಇನ್ನು ಎರಡನೆಯ ಪ್ರಶ್ನೆ. ವರ್ತಕರು ಯೋಧರಾದುದು ಒಂದು ದಿನದ ಮಾತಲ್ಲ. ಯೂರೋಪಿನಲ್ಲಿ ಇಂಗ್ಲಿಷರೂ ಫ್ರೆಂಚರೂ ಕಾದಾಡಿದಾಗಲೆಲ್ಲ ಮದರಾಸು ಪಾಂಡಿಚೇರಿಗಳೂ ಕಾದಾಡಿದುವು. 1756ರಿಂದ 1763ರವರೆಗಿನ ಏಳು ವರ್ಷಗಳ ಯುದ್ಧವು ಯೂರೋಪಿನಲ್ಲಿಯೂ ಅಮೆರಿಕದ ಕಾಡುಗಳಲ್ಲಿಯೂ ಆರ್ಕಾಟಿನ ಬಯಲಿನಲ್ಲಿಯೂ ಏಕಕಾಲದಲ್ಲಿ ನಡೆಯಿತು. 1760ರ ವಾಂಡಿವಾಷ್ ಕಾಳಗದಲ್ಲಿ ಫ್ರೆಂಚರು ಸೋತರು. ಮರುವರ್ಷ ಪಾಂಡಿಚೇರಿಯೂ ಬಿದ್ದಿತು. ಕಟ್ಟಿದ ದಂಡಿಗೆ ಸಂಬಳ ಬೇಕು. ಸಂಬಳಕ್ಕೆ ಕಂದಾಯ ಬೇಕು. ಕಂದಾಯಕ್ಕೆ ಭೂಮಿ ಬೇಕು. ಭೂಮಿಯನ್ನು ಕಾಯಲು ಮತ್ತಷ್ಟು ದಂಡು ಬೇಕು. ಸಾಲದಲ್ಲಿ ಮುಳುಗಿದ್ದ ಆರ್ಕಾಟಿನ ನವಾಬ ಮಹಮ್ಮದಾಲಿಯು ಇವರ ಮಿತ್ರ. 1765ರಲ್ಲಿ ಬಂಗಾಳದ ದಿವಾನಿಯು ಕುಂಪಣಿಯ ಕೈಸೇರಿತು. 1766ರಲ್ಲಿ ಉತ್ತರ ಸರ್ಕಾರುಗಳಿಗಾಗಿ ನಿಜಾಮನೊಡನೆ ಒಪ್ಪಂದವಾಗಿ, ಅವನಿಗೆ ಸೇನೆಯ ನೆರವು ಕೊಡುವ ಮಾತಾಯಿತು. ಆ ಮಾತೇ ಹೈದರನ ಮೇಲಣ ಯುದ್ಧಕ್ಕೆ ಎಳೆಯಿತು.

1767ರಲ್ಲಿ ಯುದ್ಧವು ಆರಂಭವಾಗುವ ಹೊತ್ತಿಗೆ ನಿಜಾಮನು ಪಕ್ಷ ಬದಲಿಸಿ ಹೈದರನ ಕಡೆಗೆ ಸೇರಿದ್ದನು. ಚೆಂಗಮ, ತಿರುವಣ್ಣಾಮಲೆಗಳಲ್ಲಿ ಸೋಲಾದ ಮೇಲೆ ಅವನು ಪುನಃ ಇಂಗ್ಲಿಷರೊಡನೆ ಕೂಡಿಕೊಂಡನು. 1768ರ ಫೆಬ್ರುವರಿಯ ಮಚಲಿಪಟ್ಟಣದ ಒಪ್ಪಂದದಲ್ಲಿ ಅವನು ಹೈದರನನ್ನು ಅಪಹಾರಿಯೆಂದು ಸಾರಿ, ಮೈಸೂರು ಸೀಮೆಯನ್ನೊಳಗೊಂಡ ಬಾಲಾಘಾಟದ ದಿವಾನಿಯನ್ನು ವರ್ಷಕ್ಕೆ ಏಳು ಲಕ್ಷ ರೂಪಾಯಿಗಳಿಗೆ ಕುಂಪಣಿಗೆ ಬರೆದುಕೊಟ್ಟನು. ಕೊಟ್ಟವನ ಕೈಯಲ್ಲಿ ಆ ಭೂಮಿಯು ಇರಲಿಲ್ಲ. ಕೊಂಡವನೂ ಅದನ್ನು ಗೆದ್ದಿರಲಿಲ್ಲ. ಉಳುತ್ತಿದ್ದವನನ್ನು ಯಾರೂ ಕೇಳಿರಲಿಲ್ಲ. ಸಾಮ್ರಾಜ್ಯಗಳು ಬೆಳೆದ ಕ್ರಮವನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮೊದಲು ಕಾಗದ, ಆಮೇಲೆ ಕಹಳೆ.

ಆ ವರ್ಷವೇ ಮುಳಬಾಗಿಲೂ ಕೋಲಾರವೂ ಇಂಗ್ಲಿಷರ ವಶವಾದುವು. ಮದರಾಸಿನ ಕೌನ್ಸಿಲು ಸೇನಾಪತಿಯಾದ ಕರ್ನಲ್ ಸ್ಮಿತ್ತನನ್ನು ನಂಬದೆ ತನ್ನ ಪ್ರತಿನಿಧಿಗಳಿಬ್ಬರನ್ನು ದಂಡಿನೊಡನೆ ಕಳುಹಿಸಿದ್ದಿತು. ನವಾಬನೂ ಅವರೊಡನೆ ಬಂದು ಕೋಲಾರದಲ್ಲಿ ಬೀಡುಬಿಟ್ಟನು. ಸೇನಾಪತಿಗೆ ಒಂದು ಚಿಂತೆ, ಲೆಕ್ಕ ನೋಡುವವರಿಗೆ ಇನ್ನೊಂದು. ಈ ಒಡಕಿನ ನಡುವೆ ಹೈದರನು ಮುಳಬಾಗಿಲಿನ ದುರ್ಗವನ್ನು ಮರಳಿ ಪಡೆದನು. ಇಂಗ್ಲಿಷರಿಗೆ ಅದು ದೊರೆತುದೂ ಹೈದರನಿಗೆ ಮರಳಿದುದೂ ಎರಡು ಸಲವೂ ಯುಕ್ತಿಯಿಂದಲೇ ಹೊರತು ಲಗ್ಗೆಯಿಂದಲ್ಲ.

ಅದನ್ನು ಮತ್ತೆ ಹಿಡಿಯಲು ಕರ್ನಲ್ ವುಡ್ಡನು ಬಂದನು. 1768ರ ಅಕ್ಟೋಬರ್ 4ರಂದು ಹೈದರನ ಸೇನೆಯೆಲ್ಲವೂ ಅವನಿಗೆ ಎದುರಾಯಿತು. ಗುಂಡುಬಂಡೆಗಳು ಕಿಕ್ಕಿರಿದ ಆ ನೆಲದಲ್ಲಿ ಸಾಲುಗಟ್ಟಿ ನಿಲ್ಲುವುದೇ ಅಸಾಧ್ಯ. ಬಂಡೆಯಿಂದ ಬಂಡೆಗೆ ಕಾಳಗವು ಸಾಗಿತು. ಇಂಗ್ಲಿಷರು ಸೋಲುವ ಹಂತದಲ್ಲಿದ್ದಾಗ ಕ್ಯಾಪ್ಟನ್ ಬ್ರೂಕನೆಂಬವನು ಎರಡು ಪಿರಂಗಿಗಳನ್ನು ಬಂಡೆಯ ಮೇಲಕ್ಕೆ ಸಾಗಿಸಿ, ಗುಂಡುಹಾರಿಸುತ್ತ, ಸ್ಮಿತ್ತನ ಹೆಸರನ್ನು ಗಟ್ಟಿಯಾಗಿ ಕೂಗಿಸಿದನು. ಸ್ಮಿತ್ತನು ಅಲ್ಲಿರಲಿಲ್ಲ. ಆದರೂ ಎರಡು ಪಕ್ಷದವರೂ ಅವನು ಬಂದನೆಂದೇ ನಂಬಿದರು, ಮೈಸೂರಿನವರು ಹಿಂಜರಿದರು. ನಿಜವು ತಿಳಿದು ಹೈದರನು ತಿರುಗಿ ಬೀಳುವಷ್ಟರಲ್ಲಿ ವುಡ್ಡನು ಒಳ್ಳೆಯ ನೆಲೆಯನ್ನು ಹಿಡಿದಿದ್ದನು. ಇಂಗ್ಲಿಷರ ಕಡೆ ಇನ್ನೂರಕ್ಕೂ ಮಿಕ್ಕಿದ ಜನ ನಷ್ಟವಾದರು. ದುರ್ಗವು ಮಾತ್ರ ಅವರಿಗೆ ದಕ್ಕಲಿಲ್ಲ. ಮರುತಿಂಗಳಿನಲ್ಲಿ ಮಾಲೂರಿಗೆ ತೆಂಕಲ ಬಾಗಲೂರಿನಲ್ಲಿ ವುಡ್ಡನ ಸಾಮಾನು ಸರಂಜಾಮುಗಳೂ ಹೈದರನ ಪಾಲಾದುವು.

ಮುಂದಿನ ವಸಂತದಲ್ಲಿ ಹೈದರನು ಸುಮಾರು ಆರು ಸಾವಿರ ಕುದುರೆಗಳೊಡನೆ ಮದರಾಸಿನ ಬಾಗಿಲಿಗೇ ಹೋಗಿ ನಿಂತನು. 1769ರ ಏಪ್ರಿಲಿನಲ್ಲಿ ಸಂಧಿಯಾಯಿತು: ಗೆದ್ದುದನ್ನು ಹಿಂದಿರುಗಿಸುವುದು, ಆಪತ್ತಿನಲ್ಲಿ ಪರಸ್ಪರ ನೆರವಾಗುವುದು. ಹೈದರನ ದಾಳಿಯ ಸುದ್ದಿಯು ಲಂಡನ್ನಿಗೆ ಮುಟ್ಟಿದಾಗ ಕುಂಪಣಿಯ ಪಾಲುಪತ್ರಗಳ ಬೆಲೆಯು ಕುಸಿಯಿತು. ಬೂದಿಕೋಟೆಯಲ್ಲಿ ಹುಟ್ಟಿದವನೊಬ್ಬನ ಕುದುರೆಯ ಗೊರಸಿನ ಸದ್ದು ಲಂಡನ್ನಿನ ಪೇಟೆಯನ್ನು ನಡುಗಿಸಿತೆಂದರೆ ಅತ್ಯುಕ್ತಿಯಾಗದು. ಆದರೆ 1771ರಲ್ಲಿ ಮರಾಠರು ಮೈಸೂರನ್ನು ಹಣ್ಣುಮಾಡಿದಾಗ ಕುಂಪಣಿಯು ಕೊಟ್ಟ ಮಾತನ್ನು ನಡಸಲಿಲ್ಲ. ಮುಂದಿನ ಮೂರು ಯುದ್ಧಗಳ ಬೀಜಗಳಲ್ಲಿ ಈ ಮಾತುತಪ್ಪುವಿಕೆಯೂ ಒಂದು. 1791ರಲ್ಲಿ ಮೊಗಲಿ ಕಣಿವೆಯನ್ನು ಹತ್ತಿ ಕೋಲಾರವನ್ನು ಹಿಡಿದು ಬೆಂಗಳೂರಿಗೆ ನಡೆದ ಕಾರ್ನ್‌ವಾಲಿಸನು, ಹತ್ತು ವರ್ಷಗಳ ಹಿಂದೆ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗತನಾದವನೇ. ಅಲ್ಲಿ ಕಳೆದ ಕೀರ್ತಿಗೆ ಅವನು ಇಲ್ಲಿ ಪರಿಹಾರವನ್ನು ಕಂಡುಕೊಂಡನು.

ಈಗ ಚಿನ್ನದ ವಿಚಾರ. ಮೇಲಣ ಯಾವ ಕಾಳಗದಲ್ಲಿಯೂ ಚಿನ್ನದ ಮಾತು ಬಾರದಿರುವುದನ್ನು ವಾಚಕರು ಗಮನಿಸಿರಬಹುದು. ಶ್ರೀರಂಗಪಟ್ಟಣವು ಬಿದ್ದುದು 1799ರಲ್ಲಿ. ಮೂರು ವರ್ಷಗಳಾದ ಮೇಲೆ, 1802ರಲ್ಲಿ, ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ವಾರನ್ನನು ಇಲ್ಲಿಯ ಮಣ್ಣಿನಲ್ಲಿ ಚಿನ್ನವುಂಟೆಂಬ ಜನವಾರ್ತೆಯನ್ನು ಕೇಳಿ ಬಹುಮಾನವನ್ನು ಸಾರಿದನು. ಹಳ್ಳಿಗರು ಮಣ್ಣನ್ನು ತಂದು ತೊಳೆದು ಕಣಗಳನ್ನು ತೋರಿಸಿದರು. ಆತನು ಹುಟ್ಟಿನಿಂದ ಫ್ರೆಂಚನು, ಸೇವೆಯಲ್ಲಿ ಇಂಗ್ಲಿಷರವನು. ಹಳ್ಳಿಯವರಿಗೆ ಮೊದಲೇ ತಿಳಿದಿದ್ದುದನ್ನು ಬರೆದಿಟ್ಟವನಿಗೆ ಶೋಧಕನೆಂಬ ಹೆಸರಾಯಿತು; ಕೊಲಂಬಸನಿಗಾದುದೂ ಇದೇ. ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಬೆಂಗಳೂರಿನಲ್ಲಿ ನೆಲಸಿದ ಲವೆಲ್ಲನು ಗಣಿಯ ಪರವಾನಗಿ ಪಡೆದುದು 1875ರಲ್ಲಿ. ಜಾನ್ ಟೇಲರ್ ಕಂಪೆನಿಯವರು ಬಂದುದು 1880ರಲ್ಲಿ. ಆದಕಾರಣ ಚಿನ್ನಕ್ಕಾಗಿ ಯುದ್ಧವಾಯಿತೆಂಬುದು ಕಾಕತಾಳೀಯವನ್ನು ಕಾರ್ಯಕಾರಣವೆಂದು ಭ್ರಮಿಸಿದಂತೆ. ಅವರು ದಾರಿಗಾಗಿ ಬಂದರು, ಕಂದಾಯಕ್ಕಾಗಿ ನಿಂತರು. ಚಿನ್ನವು ಆಮೇಲೆ ದೊರೆಯಿತು.

ದೊರೆತ ಮೇಲೆ ಆದುದಾದರೂ ಸಣ್ಣದಲ್ಲ. ಕಾರ್ನ್‌ವಾಲಿನವರೂ ಇಟಲಿಯವರೂ ಬಂದರು. ಆರ್ಕಾಟಿನ ಬಡವರು ಸಾವಿರಗಟ್ಟಲೆಯಾಗಿ ಬಂದು ಭೂಗರ್ಭಕ್ಕಿಳಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳಿಗೆ ಹರಿಯಿತು. ಹತ್ತು ಸಾವಿರ ಅಡಿಗಳಿಗೂ ಆಳಕ್ಕೆ ಹೋದ ಆ ಗಣಿಗಳು 2001ರಲ್ಲಿ ಮುಚ್ಚಿದುವು. ಚಿನ್ನದ ಬಹುಭಾಗವು ಹೊರಗೆ ಹೋಯಿತು. ಸಯನೈಡಿನ ಮಣ್ಣಿನ ದಿಬ್ಬಗಳು ಇಲ್ಲಿಯೇ ಉಳಿದುವು.

ಕಾಳಗವಿಲ್ಲದೆ ಬಂದ ಲೋಕಚರಿತ್ರೆಯೂ ಒಂದುಂಟು. ಶ್ರೀನಿವಾಸಪುರದ ಮಾವು ಈ ದೇಶದ್ದೇ. ಆದರೆ ಮಾಲೂರಿನ ಆಲೂಗೆಡ್ಡೆ, ಕೋಲಾರದ ಮಂಡಿಯಲ್ಲಿ ರಾಶಿಬೀಳುವ ಟೊಮ್ಯಾಟೊ, ಮನೆಮನೆಯ ಮೆಣಸಿನಕಾಯಿ ಇವು ಅಮೆರಿಕದಿಂದ ಹಡಗುಗಳಲ್ಲಿ ಬಂದುವು. ರಾಗಿಯು ಅವಕ್ಕಿಂತ ಸಾವಿರಾರು ವರ್ಷಗಳ ಮುಂಚೆ ಆಫ್ರಿಕಾದಿಂದ ಬಂದಿತು. ಇವನ್ನು ಯಾವ ಸನ್ನದೂ ಹೇರಲಿಲ್ಲ. ರೈತನೇ ಪರೀಕ್ಷಿಸಿ, ಒಪ್ಪಿ, ತನ್ನ ಹೊಲದಲ್ಲಿ ಊರಿದನು.

ಮುಳಬಾಗಿಲಿನ ಕಾಳಗದಲ್ಲಿ ಬಿದ್ದ ಯೋಧರ ಲೆಕ್ಕವು ಗ್ರಂಥಗಳಲ್ಲಿ ದೊರೆಯುತ್ತದೆ. ಆ ವರ್ಷ ದಂಡುಗಳೆರಡೂ ಮೇಯಿಸಿದ ಪೈರಿನ ಲೆಕ್ಕವನ್ನು ಬರೆದವರಿಲ್ಲ. ಏಳು ಲಕ್ಷದ ಕಾಗದದಲ್ಲಿಯೂ ಆ ಪೈರಿನ ಒಡೆಯನ ಹೆಸರಿರಲಿಲ್ಲ.