ಕಣಗಿನಹಾಳದ ಹೊಣೆ, ಜಗತ್ತಿನ ಗುರಿ

2000ನೇ ಇಸವಿಯಾಗ 189 ದೇಶದವರು ವಿಶ್ವಸಂಸ್ಥೆಯೊಳಗ ಕೂಡಿ ಕಡುಬಡತನ, ಹಸಿವು ಅರ್ಧಕ್ಕೆ ಇಳಿಸ್ತೀವಿ ಅಂದ್ರು. ಅದಕ್ಕ 2015ರ ಗಡುವು. ಆಮೇಲೆ 17 ಸುಸ್ಥಿರ ಅಭಿವೃದ್ಧಿ ಗುರಿ ಬಂದವು, ಗಡುವು 2030. ಅದರಾಗ ಮೊದಲನೇದು ಬಡತನ ನಿರ್ಮೂಲನೆ.

ನಮ್ಮ ಗದಗ ತಾಲೂಕಿನ ಕಣಗಿನಹಾಳದವರು ಈ ಕೆಲಸಕ್ಕ 1905ರಾಗೇ ಕೈ ಹಾಕಿದ್ರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ರೈತರ ಪತ್ತಿನ ಸಂಘ ಕಟ್ಟಿದರು. ಮಳಿ ಕೈಕೊಟ್ಟರ ಸಾವಕಾರನ ಬಡ್ಡಿಗೆ ಹೊಲಾನೇ ಹೋಗುವ ಕಾಲ ಅದು. ಆ ಕಾಯ್ದೆಯಾಗ ಹಳ್ಳಿ ಸಂಘದ ಸಾಲಕ್ಕೆ ಸಾಮಾನ್ಯವಾಗಿ ಸದಸ್ಯರೆಲ್ಲರೂ ಹೊಣೆ. ಒಬ್ಬ ಮುಳುಗಿದರ ಎಲ್ಲರಿಗೂ ಪೆಟ್ಟು. ಹಿಂಗಾಗಿ ಸಾಲ ಯಾರಿಗೆ, ಯಾತಕ್ಕೆ ಅಂತ ಊರೇ ನೋಡಬೇಕಿತ್ತು.

ವಿಶ್ವಸಂಸ್ಥೆಯ 17 ಗುರಿಗೆ ಅಂಥ ಕಾನೂನಿನ ಹೊಣೆ ಇಲ್ಲ, ಮುಟ್ಟದಿದ್ದರ ದಂಡವೂ ಇಲ್ಲ. ಅದೇ ವಿಶ್ವಸಂಸ್ಥೆ 2012 ಮತ್ತು 2025ನ್ನು ಸಹಕಾರಿ ವರ್ಷ ಅಂತ ಸಾರಿತು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರೂ ನಿಮ್ಮೂರ ಸೊಸೈಟಿಯ ವಾರ್ಷಿಕ ಸಭೆಗೆ ತಪ್ಪದೆ ಹೋಗ್ರಿ. ಉತಾರದಾಗ ಹೆಸರಿಲ್ಲದ ಲಾವಣಿ ರೈತನಿಗೆ ಸಾಲದ ದಾರಿ ಏನು ಅಂತ ಕೇಳ್ರಿ. ಅವನು ಇನ್ನೂ ಸಾವಕಾರನ ಕಟ್ಟಿ ಹತ್ತುತ್ತಿದ್ದರ, 1905ರ ಕೆಲಸ ಇನ್ನೂ ಬಾಕಿ ಐತಿ.