ಓದು ಬಾರದ ಕಮ್ಮಾರನ ಮಗ

ಓದಲು ಬಾರದವನ ಕಣ್ಣಿಗೆ ಪುಸ್ತಕದ ಪುಟ ಹೇಗೆ ಕಾಣುತ್ತದೆ? ಊಹಿಸಿಕೊಳ್ಳುವುದು ನಿಮಗೆ ಸುಲಭವಲ್ಲ. ಒಮ್ಮೆ ಕಲಿತ ಅಕ್ಷರವನ್ನು ಬೇಕೆಂದಾಗ ಮರೆಯಲು ಬರುವುದಿಲ್ಲ. ಅಂಗಡಿಯ ಫಲಕದ ಮೇಲೆ ಕಣ್ಣು ಬಿದ್ದರೆ ಸಾಕು, ಓದಿಯೇ ಬಿಡುತ್ತೀರಿ. ಪ್ರಾಗ್ ನಗರದ ವಾರ್‌ಹಾರ್ಸ್ ಸ್ಟುಡಿಯೋಸ್ 2018ರಲ್ಲಿ ಹೊರತಂದ 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್' ಎಂಬ ವೀಡಿಯೊ ಆಟದ ರಚನಕಾರರಿಗೆ ಎದುರಾದದ್ದು ಇದೇ ತೊಡಕು.

ಕಥೆ ನಡೆಯುವುದು 1403ರ ಬೊಹೀಮಿಯದಲ್ಲಿ, ಅಂದರೆ ಇಂದಿನ ಚೆಕ್ ಗಣರಾಜ್ಯದಲ್ಲಿ. ಗುಟೆನ್‌ಬರ್ಗನ ಮುದ್ರಣಕ್ಕೆ ಇನ್ನೂ ಸುಮಾರು ಅರ್ಧ ಶತಮಾನವಿತ್ತು. ಪುಸ್ತಕವೆಂದರೆ ಕೈಯಿಂದ ನಕಲು ಮಾಡಿದ ದುಬಾರಿ ವಸ್ತು. ಪ್ರಾಗ್‌ನಲ್ಲಿ 1348ರಿಂದಲೇ ವಿಶ್ವವಿದ್ಯಾನಿಲಯವಿತ್ತು, ನಿಜ. ಆದರೆ ಕಮ್ಮಾರನ ಮಗನಿಗೂ ಅದಕ್ಕೂ ಏನು ಸಂಬಂಧ? ಕಥಾನಾಯಕ ಹೆನ್ರಿ ಅಂಥ ಹುಡುಗ. ಹಂಗೇರಿಯ ದೊರೆ ಸಿಗಿಸ್ಮಂಡನ ಸೇನೆ ಅವನ ಊರನ್ನು ಸುಟ್ಟು, ತಂದೆತಾಯಿಯರನ್ನು ಕೊಂದ ಮೇಲೆ ಒಬ್ಬನೇ ಉಳಿಯುತ್ತಾನೆ.

ಅವನು ಪುಸ್ತಕ ತೆರೆದರೆ ಪರದೆಯ ಮೇಲೆ ಪದಪದದ ಅಕ್ಷರಗಳೂ ಹಿಂದುಮುಂದಾಗಿ ಕಾಣುತ್ತವೆ. ಉಜಿಟ್ಸ್ ಎಂಬ ಹಳ್ಳಿಯ ಲಿಪಿಕಾರನಲ್ಲಿ ಪಾಠ ಹೇಳಿಸಿಕೊಂಡ ಮೇಲೂ ಎಲ್ಲವೂ ಒಮ್ಮೆಗೇ ಸರಿಹೋಗದು. ಓದುತ್ತ ಹೋದಂತೆ ಅಕ್ಷರಗಳು ಮೆಲ್ಲಮೆಲ್ಲನೆ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಉಪಾಯ ಸೊಗಸಾಗಿದೆ. ಆದರೆ ಇದು ಓದು ಬಲ್ಲವರ ಕಲ್ಪನೆಯೆಂದೇ ನನಗೆ ತೋರುತ್ತದೆ. ಅನಕ್ಷರಸ್ಥನಿಗೆ ಅಕ್ಷರ ಕಲಸಿಹೋಗಿರುವುದಿಲ್ಲ. ಅಲ್ಲಿರುವುದು ಗೆರೆಗಳು ಮಾತ್ರ. ಮೇಲಾಗಿ, ಜಾಣ ಆಟಗಾರ ಆ ಪದಗಳನ್ನು ಪದಬಂಧದಂತೆ ಬಿಡಿಸಿಬಿಡುತ್ತಾನೆ. ಹೆನ್ರಿಗೆ ತಿಳಿಯದ ಸಂಗತಿ ಅವನನ್ನು ಆಡಿಸುವವನಿಗೆ ತಿಳಿದುಹೋಗುತ್ತದೆ! 2022ರ 'ಟ್ಯೂನಿಕ್' ಆಟ ಹಿಡಿದದ್ದು ಬೇರೆ ದಾರಿ. ಅದರ ಕೈಪಿಡಿಯ ಪುಟಗಳು ಬಹುಪಾಲು ಹೊಸದಾಗಿ ಕಟ್ಟಿದ ಲಿಪಿಯಲ್ಲಿವೆ. ಆಗ ಆಟಗಾರನೇ ಅನಕ್ಷರಸ್ಥ. ನೆರೆರಾಜ್ಯದ ಬಸ್ ನಿಲ್ದಾಣದಲ್ಲಿ ಬೋರ್ಡು ನೋಡುತ್ತ ನಿಂತವರಿಗೆ ಈ ಪೇಚು ಗೊತ್ತು.

ಒಂದು ವಿಷಯದಲ್ಲಿ ಮಾತ್ರ ಹೆನ್ರಿಯ ಕಥೆ ಮೆಚ್ಚತಕ್ಕದ್ದು: ಓದು ಬಾರದವನನ್ನು ಅದು ದಡ್ಡನನ್ನಾಗಿ ಮಾಡಿಲ್ಲ. ಅವನು ವಾದಿಸುತ್ತಾನೆ, ಚೌಕಾಸಿ ಮಾಡುತ್ತಾನೆ, ಕತ್ತಿಗೆ ಸಾಣೆ ಹಿಡಿಯುತ್ತಾನೆ. ಮದ್ದು ಕುದಿಸುವ ಕ್ರಮ ಪುಸ್ತಕದಲ್ಲಿದೆಯಾದರೂ, ಅದನ್ನು ಬಲ್ಲವರಿಂದ ಕೇಳಿಕೊಂಡ ಆಟಗಾರ ಪುಟ ತೆರೆಯದೆಯೇ ಅವನ ಕೈಯಲ್ಲಿ ಕುದಿಸಬಲ್ಲ. ಆ ಕಾಲದ ಜನಕ್ಕೂ ವಿದ್ಯೆ ಬಹುಮಟ್ಟಿಗೆ ಕಿವಿಯಿಂದಲೇ ಬರುತ್ತಿತ್ತು. ಯಾನ್ ಹುಸ್ 1402ರಲ್ಲಿ ಪ್ರಾಗ್‌ನ ಬೆತ್ಲೆಹೆಮ್ ಪ್ರಾರ್ಥನಾ ಮಂದಿರದಲ್ಲಿ ಬೋಧನೆ ಆರಂಭಿಸಿದಾಗ ಆಡಿದ ಮಾತು ಲ್ಯಾಟಿನ್ ಅಲ್ಲ, ಜನರ ಚೆಕ್ ಭಾಷೆ.